ಕರಗಿದ ಉಪ್ಪು ಸರಿ, ನೀರೆಲ್ಲಿಂದ ಬಂತು?

ನಮ್ಮ ಸಂಘದ ಪತ್ರಿಕೆಗೆ ಬಂದ ಲೇಖನವೊಂದರ ಕರಡು ತಿದ್ದುತ್ತಿದ್ದೆ. ಬಿಸಿಲಿನ ಶಾಖವನ್ನು ತೊಟ್ಟಿಯಲ್ಲಿ ಹಿಡಿದಿಡುವ ವಿದ್ಯುತ್ ಸ್ಥಾವರದ ವಿಷಯ. 'ಕರಗಿದ ಉಪ್ಪು' ಅಂತ ಶುರುವಾದದ್ದು ಮೂರನೇ ಪ್ಯಾರಾಕ್ಕೆ 'ಉಪ್ಪುನೀರು' ಆಗಿತ್ತು. ಈ ವರ್ಷ ಇದು ನಾನು ನೋಡಿದ ಮೂರನೇ ಉಪ್ಪುನೀರು. 565 ಡಿಗ್ರಿ ಸೆಲ್ಸಿಯಸ್ ಬಿಸಿಯ ತೊಟ್ಟಿಯಲ್ಲಿ ನೀರು ಸುಮ್ನೆ ಕೂತಿರುತ್ತದಾ?

ತಪ್ಪಿನಲ್ಲಿ ಅರ್ಧ ಪಾಲು 'ಕರಗು' ಎಂಬ ಪದದ್ದೇ. ಬೆಣ್ಣೆ ಬಿಸಿಗೆ ಕರಗುತ್ತದೆ, ಸಕ್ಕರೆ ನೀರಲ್ಲಿ ಕರಗುತ್ತದೆ, ಮೊಮ್ಮಗಳನ್ನು ಕಂಡರೆ ಅಜ್ಜನ ಸಿಟ್ಟೂ ಕರಗುತ್ತದೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಕಾಕು ಶಿರಾ ಮಾಡುವಾಗ ಕೇಳಿ: 'ತೂಪ್ ವಿತಳಲಂ', 'ಸಾಖರ್ ವಿರಘಳಲಿ'. ತುಪ್ಪಕ್ಕೊಂದು ಮಾತು, ಸಕ್ಕರೆಗೊಂದು. ಮಾಟುಂಗಾದ ತಮಿಳರಿಗೂ ಉರುಗು ಬೇರೆ, ಕರೈ ಬೇರೆ. ನಾವು ಮಾತ್ರ ಒಂದರಲ್ಲೇ ಸುಧಾರಿಸುತ್ತೇವೆ. ಹಾಗಾಗಿ ಕರಡಿನಲ್ಲಿ 'ಕಾಸಿ ಕರಗಿಸಿದ ಉಪ್ಪು' ಅಂತ ಬರೆದೆ. ಬೆಣ್ಣೆ ಕಾಸಿದವರಿಗೆ ಇನ್ನೇನೂ ಹೇಳಬೇಕಿಲ್ಲ.

ಲೇಖಕರು ಸುಮ್ಮನಾಗಲಿಲ್ಲ. 'ನೀರಿಲ್ಲದೆ ದ್ರಾವಣ ಹೇಗೆ ಸಾರ್?' ಅಂದರು. ದ್ರಾವಣದ ಮೂಲ ಸಂಸ್ಕೃತದ 'ದ್ರು', ಅಂದರೆ ಓಡು, ಹರಿ. ಅದರಲ್ಲಿ ನೀರಿನ ಹನಿಯೂ ಇಲ್ಲ. ಕಣಕಣದ ಮಟ್ಟದಲ್ಲಿ ಒಂದೇ ಸಮ ಬೆರೆತರೆ ಸಾಕು, ದ್ರಾವಣವೇ.

ಆ ತೊಟ್ಟಿಯಲ್ಲಿರುವುದು ತೂಕದಲ್ಲಿ 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೊಟ್ಯಾಸಿಯಂ ನೈಟ್ರೇಟ್. ಕಾಸಿದಾಗ ಇವುಗಳ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ಬಿಡಿಯಾಗಿ ಓಡಾಡುತ್ತವೆ. ಆದರೆ ಸೋಡಿಯಂ ಹೋಗಿ ನೈಟ್ರೇಟಿನ ಜಾಗದಲ್ಲಿ ಕೂರುವುದಿಲ್ಲ, ಪೊಟ್ಯಾಸಿಯಂ ಜೊತೆ ಮಾತ್ರ ಜಾಗ ಬದಲಾಯಿಸುತ್ತದೆ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿ, ಜನರಲ್ ಡಬ್ಬಿ ಇದ್ದ ಹಾಗೆ. ಇಲ್ಲಿ ಎರಡು ಡಬ್ಬಿಗಳೂ ಒಂದರೊಳಗೊಂದು ಹೆಣೆದುಕೊಂಡಿವೆ, ಅಷ್ಟೇ. 1945ರಲ್ಲಿ ರಸಾಯನ ವಿಜ್ಞಾನಿ ಟೆಮ್ಕಿನ್ ಹಾಕಿಕೊಟ್ಟ ಲೆಕ್ಕ ಇದು. ಹೀಗೆ ಕೂರುವ ಬಗೆಗಳು ಹೆಚ್ಚಾದಷ್ಟೂ ಎಂಟ್ರೊಪಿ (ಆ ಬಗೆಗಳನ್ನು ಅಳೆಯುವ ಸಂಖ್ಯೆ) ಜಾಸ್ತಿ, ದ್ರವವಾಗಿ ಉಳಿಯುವ ಒಲವೂ ಜಾಸ್ತಿ. ಬಿಡಿಯಾಗಿ ಇವು ಕರಗಲು ಸುಮಾರು 307 ಮತ್ತು 334 ಡಿಗ್ರಿ ಬೇಕು. ಬೆರೆಸಿದರೆ ಸುಮಾರು 240ಕ್ಕೇ ಪೂರಾ ದ್ರವ.

ಬೆರೆಯುವಾಗ ಶಾಖ ಬಿಡುತ್ತದೋ, ಹೀರುತ್ತದೋ ಎಂಬುದು ಬೇರೆ ಪ್ರಶ್ನೆ. ಕಾಸಿದ ಲಿಥಿಯಂ, ಪೊಟ್ಯಾಸಿಯಂ ನೈಟ್ರೇಟ್‌ಗಳು ಬೆರೆತರೆ ಶಾಖ ಬಿಡುತ್ತವೆ. ಲಿಥಿಯಂ, ಪೊಟ್ಯಾಸಿಯಂ ಅಯಾನುಗಳ ಗಾತ್ರದಲ್ಲಿ ಅಂತರ ದೊಡ್ಡದು ಅಲ್ವಾ? ಶಾಖ ಬಿಡದೆ, ಹೀರದೆ ಬೆರೆತರೆ, ಎಂಟ್ರೊಪಿಯೂ ಟೆಮ್ಕಿನ್ ಲೆಕ್ಕದಂತೆಯೇ ಇದ್ದರೆ, ಅದು 'ಆದರ್ಶ ದ್ರಾವಣ'. ಕರಡಿನಲ್ಲಿ ಇದನ್ನು 'ಅತ್ಯುತ್ತಮ ಗುಣಮಟ್ಟದ ದ್ರಾವಣ' ಅಂತ ಬಿಡಿಸಿದ್ದರು. ಅದನ್ನೂ ಹೊಡೆದು ಹಾಕಿದೆ.