ಅಪ್ಪನ ಕಾರು ಓಡೋದೇ ಕಮ್ಮಿ, ಸರ್ವಿಸ್ ಯಾಕೆ?

ಓದುಗರ ಪ್ರಶ್ನೆ: ಅಪ್ಪನಿಗೆ 73. ಅವ್ವನ ಜೊತೆ ಸಿಂಧನೂರಿನಲ್ಲಿದ್ದಾರೆ. 2014ರ ಪೆಟ್ರೋಲ್ ಕಾರು. ಸಂತೆ, ಗುಡಿ, ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋಗಲ್ಲ. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಆದರೆ ಜಾಸ್ತಿ. 'ಹತ್ತು ಸಾವಿರ ಆಗ್ಲಿ, ಆಮ್ಯಾಲೆ ಸರ್ವಿಸಿಗೆ ಬಿಡ್ತೀನಿ' ಅಂತಾರೆ. ನಾನಿರೋದು ಬೆಂಗಳೂರಿನಲ್ಲಿ. ಅವರ ಲೆಕ್ಕ ಸರಿನಾ?

ಉತ್ತರ: ಸರಿಯಿಲ್ಲ. ಅಪ್ಪ ಹೇಳುತ್ತಿರುವುದು ಅರ್ಧ ಮಾತು. ಕಾರಿನ ಜೊತೆ ಕೊಡುವ ಪುಸ್ತಕ ತೆಗೆದು ನೋಡಿ. ಸಾಮಾನ್ಯವಾಗಿ 'ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು' ಅಂತಿರುತ್ತದೆ. ಅಪ್ಪನ ಕಾರಿಗೆ ಪ್ರತಿ ಸಲವೂ ಮೊದಲು ಬರುವುದು ವರ್ಷವೇ.

ಓಡದ ಗಾಡಿ ಕೆಡುವುದಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಮನೆಯಿಂದ ಗುಡಿಗೆ ಎರಡು ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ಬಂದ್. ಒಳಗೆ ಹುಟ್ಟಿದ ನೀರಾವಿ, ಪೂರ್ತಿ ಉರಿಯದ ಪೆಟ್ರೋಲ್ ಎರಡೂ ಹೋಗಿ ಆಯಿಲ್‌ಗೆ ಸೇರುತ್ತವೆ. ದೂರ ಓಡಿದ್ದರೆ ಆ ಬಿಸಿಗೆ ಹಾರಿಹೋಗುತ್ತಿದ್ದವು. ಬ್ಯಾಟರಿ ಕತೆಯೂ ಅಷ್ಟೇ. ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟು ಎರಡು ಕಿಲೋಮೀಟರಿನಲ್ಲಿ ವಾಪಸ್ ತುಂಬುವುದಿಲ್ಲ. ಮೇಲಿಂದ ರಾಯಚೂರು ಜಿಲ್ಲೆಯ ಬಿಸಿಲು ಬೇರೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಬ್ಯಾಟರಿ ಮೂರ್ನಾಲ್ಕು ವರ್ಷ ಬಂದರೆ ದೊಡ್ಡದು.

ಅದಕ್ಕೇ ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಮಸ್ಕಿ ರಸ್ತೆಗೆ ಹೋಗಿ, ಒಟ್ಟು ಅರ್ಧ ಗಂಟೆಯಾದರೂ ಓಡಿಸಿ ಬರಲಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡುವುದರಿಂದ ಪೆಟ್ರೋಲ್ ದಂಡ, ಅಷ್ಟೇ.

ಟೈರಿನ ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಗಂಗಾವತಿಯಲ್ಲಿರುವ ನಮ್ಮ ದೊಡ್ಡಪ್ಪನ ಕಾರು ನೋಡಿದಾಗ ಗೊತ್ತಾಯಿತು. ಟೈರಿನ ಗೀರುಗಳು ಹೊಸದರ ಹಾಗೆ ಆಳವಾಗಿದ್ದವು. 'ಸವದೇ ಇಲ್ಲಲ್ಲೋ, ನೋಡು' ಅಂದರು. ನಾನು ಕುಕ್ಕರಗಾಲಲ್ಲಿ ಕೂತು ಟೈರಿನ ಬದಿ ನೋಡಿದೆ. ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು ಬಿಟ್ಟಿತ್ತು, ಕೂದಲೆಳೆಯಷ್ಟು ಸಣ್ಣವು, ಸುತ್ತಲೂ. ಅದೇ ಬದಿಯಲ್ಲಿ ಡಿ, ಓ, ಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ದೊಡ್ಡಪ್ಪನ ಟೈರಿನಲ್ಲಿ 2316 ಅಂತಿತ್ತು. ಅಂದರೆ 2016ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಬೇಕು. ನಮ್ಮ ಕಡೆ ಬಿಸಿಲಲ್ಲಿ ನಿಲ್ಲುವ ಗಾಡಿಯಾದರೆ ಆರಕ್ಕೆ ಬದಲಿಸಿಬಿಡಿ ಅನ್ನುತ್ತೇನೆ ನಾನು. ಸ್ಟೆಪ್ನಿಯನ್ನೂ ನೋಡಿ. ಅದನ್ನು ಯಾರೂ ನೋಡುವುದಿಲ್ಲ.

ಇನ್ನು ನೀರು. ಎಂಜಿನ್ ತಣ್ಣಗಿಡುವ ದ್ರವಕ್ಕೆ ಕೂಲಂಟ್ ಅಂತಾರೆ. ದೊಡ್ಡಪ್ಪ ಅದು ಕಮ್ಮಿಯಾದಾಗಲೆಲ್ಲ ಬೋರಿನ ನೀರು ಹಾಕುತ್ತಿದ್ದರು. ಕುದಿಸಿದ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ರೇಡಿಯೇಟರ್ ಒಳಗೂ ಕಟ್ಟಿತು. ಒಂದು ಮಂಗಳವಾರ ಹುಲಿಗೆಮ್ಮನ ದರ್ಶನಕ್ಕೆ ಹೊರಟವರು ದಾರಿಯಲ್ಲೇ ಹೊಗೆ ಎಬ್ಬಿಸಿಕೊಂಡು ನಿಂತರು. ಪುಣ್ಯಕ್ಕೆ ಬಿಸಿ ಇರುವಾಗ ಮುಚ್ಚಳ ತೆಗೆಯಲಿಲ್ಲ. ತೆಗೆದಿದ್ದರೆ ಕುದಿನೀರು ಮುಖಕ್ಕೇ ಹಾರುತ್ತಿತ್ತು. ಒಂದು ಕ್ಯಾನ್ ಸರಿಯಾದ ಕೂಲಂಟ್ ತಂದು ಮನೆಯಲ್ಲಿಟ್ಟುಬಿಡಿ, ಬೋರಿನ ನೀರಿನ ಪ್ರಶ್ನೆಯೇ ಬರಲ್ಲ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು, ಆದರೆ ಅದನ್ನು ಬಾಯಿಬಿಟ್ಟು ಹೇಳಿ ಮಾಡಿಸಬೇಕು. ನಿಮ್ಮದು ಭತ್ತದ ಸೀಮೆ ಬೇರೆ. ಕೊಯ್ಲಾದ ಮೇಲೆ ಇಲಿ ಮನೆ ಕಡೆ ಬರುತ್ತವೆ. ನಿಂತ ಕಾರಿನ ಬಾನೆಟ್ ಒಳಗೆ ಅವಕ್ಕೆ ವೈರೂ ಸಿಗುತ್ತದೆ, ಬೆಚ್ಚಗೂ ಇರುತ್ತದೆ.

ಕಾರಿನ ಜೊತೆ ಓಡಿಸುವವರನ್ನೂ ನೋಡಬೇಕು ಅಲ್ವಾ? ಊರಿಗೆ ಹೋದಾಗ ಸುಮ್ನೆ ಒಂದು ಸುತ್ತು ಹಾಕಿ, ಬಂಪರಿನ ಯಾವ ಮೂಲೆಯಲ್ಲಿ ಹೊಸ ಗೀರು ಬಿದ್ದಿದೆ ನೋಡಿ. ಎಡಗಡೆಯೇ ಜಾಸ್ತಿ ಇದ್ದರೆ ಆ ಬದಿಯ ಕನ್ನಡಿ ಸರಿ ಮಾಡಿ, ಕಣ್ಣೂ ತೋರಿಸಿ. ಪೊರೆ ಬಂದ ಕಣ್ಣಿಗೆ ರಾತ್ರಿ ಎದುರಿನ ಲೈಟು ಚೆಲ್ಲಾಡುತ್ತದೆ. ಪೆಡಲ್ ಕೆಳಗೆ ಜಾರುವ ಮ್ಯಾಟ್ ತೆಗೆಸಿ. ಲೈಸೆನ್ಸ್ ತಾರೀಖನ್ನೂ ನೋಡಿಕೊಳ್ಳಿ. ಈ ವಯಸ್ಸಿನಲ್ಲಿ ಒಮ್ಮೆಗೆ ಐದು ವರ್ಷಕ್ಕಷ್ಟೇ ಕೊಡುತ್ತಾರೆ, ಡಾಕ್ಟರ ಸರ್ಟಿಫಿಕೇಟ್ ಬೇಕು. ಗಾಡಿಯ ಆರ್.ಸಿ.ಗೆ 15 ವರ್ಷ. ಅಂದರೆ ನಿಮ್ಮದು 2029ಕ್ಕೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಅಪ್ಪ 'ಹ್ಞೂಂ' ಅಂದು ಇಡುತ್ತಾರೆ, ಗೊತ್ತು. ದೊಡ್ಡಪ್ಪನೂ ಹಾಗೇ. ಆದರೆ ಅವರು ಒಂದು ಅಮಾವಾಸ್ಯೆಯನ್ನೂ ಬಿಡುವವರಲ್ಲ. ಗಾಡಿ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಹೇಗೂ ಗಾಲಿ ಹತ್ತಿರ ಬಗ್ಗುತ್ತೀರಲ್ಲ, ಹವಾನೂ ನೋಡಿಬಿಡಿ ಅಂದೆ. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಪಂಪ್ ಕೊಡಿಸಿದೆ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲೇ ಇರುತ್ತದೆ. ಗಾಡಿ ಹೊರಗೆ ತೆಗೆಯುವ ಮೊದಲು, ಟೈರು ತಣ್ಣಗಿದ್ದಾಗ ನೋಡಬೇಕು. ಆಮೇಲೆ ಬಾನೆಟ್ ಎತ್ತಿ ಆಯಿಲ್ ಕಡ್ಡಿ, ಕೂಲಂಟ್ ಗೆರೆ. ಕಾಯಿ ಒಡೆಯುವುದು ಅದಾದ ಮೇಲೆ.

ಹೋದ ಅಮಾವಾಸ್ಯೆಗೆ ಅವರೇ ಫೋನ್ ಮಾಡಿದ್ದರು. 'ಹವಾ ಮೂವತ್ಮೂರು ಐತಿ. ಆಯಿಲ್ ಬರೋಬ್ಬರಿ ಐತಿ. ಸ್ಟೆಪ್ನಿ ಮಾತ್ರ ನೋಡಿಲ್ಲಪಾ, ಡಿಕ್ಕ್ಯಾಗ ಅಕ್ಕಿ ಚೀಲ ಅದಾವು.'