ಬಡತನಕ್ಕೆ ಗೆರೆ ಎಳೆದ ಕಥೆ

ದಿನಕ್ಕೆ 3 ಡಾಲರ್‌ಗಿಂತ ಕಡಿಮೆಯಲ್ಲಿ ಬದುಕುವವರು ಕಡುಬಡವರು. ಇದು ವಿಶ್ವಬ್ಯಾಂಕ್‌ನ ಈಗಿನ ಲೆಕ್ಕ. 2025ರ ಜೂನ್‌ವರೆಗೆ ಈ ಗೆರೆ 2.15 ಡಾಲರ್‌ನಲ್ಲಿತ್ತು. ಗೆರೆ ಮೇಲೆ ಸರಿದಿದ್ದೇ ತಡ, 2022ನೇ ಸಾಲಿನ ಬಡವರ ಸಂಖ್ಯೆ ಸುಮಾರು 71 ಕೋಟಿಯಿಂದ 84 ಕೋಟಿಗೆ ಏರಿತು. ಯಾರ ಮನೆಯಲ್ಲೂ ಏನೂ ಬದಲಾಗಿರಲಿಲ್ಲ, ಬದಲಾಗಿದ್ದು ಅಳತೆಗೋಲು.

ಇಂಥ ಲೆಕ್ಕಕ್ಕೆ ಗಟ್ಟಿ ಬುನಾದಿ ಹಾಕಿದವರಲ್ಲಿ ಒಬ್ಬರು ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಸೀಬೋಮ್ ರೌಂಟ್ರಿ. ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದ್ದ ಮನೆತನ ಅವರದು. 1899ರಲ್ಲಿ 11 ಸಾವಿರಕ್ಕೂ ಜಾಸ್ತಿ ಕುಟುಂಬಗಳ ಮಾಹಿತಿ ಕಲೆಹಾಕಿಸಿದರು. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರಕ್ಕೆ ವಾರಕ್ಕೆ 21 ಶಿಲಿಂಗ್ 8 ಪೆನ್ಸ್ ಬೇಕೆಂದು ಲೆಕ್ಕ ಹಾಕಿದರು. ಊಟಕ್ಕೆ 12 ಶಿಲಿಂಗ್ 9 ಪೆನ್ಸ್, ಬಾಡಿಗೆಗೆ 4 ಶಿಲಿಂಗ್, ಉಳಿದಿದ್ದು ಬಟ್ಟೆಬರೆ, ದೀಪ, ಉರುವಲಿಗೆ. ಈ ದುಡ್ಡಿನಲ್ಲಿ ಪೇಪರ್ ಕೊಳ್ಳುವಂತಿಲ್ಲ, ರೈಲು ಹತ್ತುವಂತಿಲ್ಲ. ದೂರದ ಮಕ್ಕಳಿಗೆ ಕಾಗದ ಹಾಕೋಣವೆಂದರೆ ಸ್ಟ್ಯಾಂಪಿಗೂ ಕಾಸಿಲ್ಲ. ಗೆರೆಯನ್ನು ಬೇಕೆಂದೇ ಇಷ್ಟು ಬಿಗಿಯಾಗಿ ಎಳೆದಿದ್ದರು, ಕೈ ಸಡಿಲ ಬಿಟ್ಟರು ಅಂತ ಯಾರೂ ಆಡಿಕೊಳ್ಳಬಾರದಲ್ವಾ? ಆದರೂ ಊರಿನ ಸುಮಾರು ನೂರಕ್ಕೆ ಹತ್ತು ಜನ ಅದಕ್ಕಿಂತ ಕೆಳಗಿದ್ದರು.

ಬಡತನಕ್ಕೆ ಕುಡಿತ, ಸೋಮಾರಿತನವೇ ಕಾರಣ ಎಂದು ಉಳ್ಳವರು ಸಲೀಸಾಗಿ ಹೇಳುತ್ತಿದ್ದ ಕಾಲ ಅದು. ಆದರೆ ಗೆರೆಯ ಕೆಳಗಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನರ ಮನೆಯಲ್ಲಿ ದುಡಿಯುವವರು ದಿನಾ ಕೆಲಸಕ್ಕೆ ಹೋಗುತ್ತಿದ್ದರು. ಕೂಲಿಯೇ ಸಾಲುತ್ತಿರಲಿಲ್ಲ. ರೌಂಟ್ರಿ ಎಳೆದ ಗೆರೆಗಿಂತ ಈ ಮಾತೇ ದೊಡ್ಡದು ಎಂದು ನನಗನ್ನಿಸುತ್ತದೆ.

ಜಗತ್ತಿಗೆಲ್ಲ ಒಂದೇ ಗೆರೆ ಬಂದಿದ್ದು 1990ರಲ್ಲಿ. ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ಮತ್ತು ಸಂಗಡಿಗರು ತೀರಾ ಬಡ ದೇಶಗಳು ತಾವೇ ಹಾಕಿಕೊಂಡಿದ್ದ ಗೆರೆಗಳನ್ನು ನೋಡಿದರು. ಅವುಗಳಲ್ಲಿ ಹಲವು ಗೆರೆಗಳು ದಿನಕ್ಕೆ ಸುಮಾರು 1 ಡಾಲರ್ ಹತ್ತಿರ ಬಂದು ನಿಂತಿದ್ದವು. ಇದು ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳುವ ಡಾಲರ್ ಅಲ್ಲ. ಅಮೆರಿಕದಲ್ಲಿ 1 ಡಾಲರ್‌ಗೆ ಏನೇನು ಸಿಗುತ್ತದೋ ಅಷ್ಟನ್ನು ಆಯಾ ದೇಶದಲ್ಲಿ ಕೊಳ್ಳಲು ಬೇಕಾದ ದುಡ್ಡು. ಇದು ಗೊತ್ತಿಲ್ಲದೆ ಸುಮ್ನೆ ಜಗಳ ಆಡುವವರು ಈಗಲೂ ಇದ್ದಾರೆ.

ಕಡುಬಡವರ ಪಾಲನ್ನು 2015ರೊಳಗೆ ಅರ್ಧಕ್ಕಿಳಿಸುವುದು ವಿಶ್ವಸಂಸ್ಥೆಯ ಸಹಸ್ರಮಾನದ ಗುರಿಗಳಲ್ಲಿ ಮೊದಲನೆಯದಾಗಿತ್ತು. ಐದು ವರ್ಷ ಮೊದಲೇ ಅದು ಈಡೇರಿತು. ಶ್ಲಾಘನೆ ಸಮ್ಮೇಳನಗಳಿಗೆ ಹೋಯಿತು, ಹೆಚ್ಚಿನ ಕೆಲಸ ಆಗಿದ್ದು ಚೀನಾದಲ್ಲಿ. 1978ರ ನಂತರ ಅಲ್ಲಿ ಹೊಲಗಳನ್ನು ಕುಟುಂಬಗಳಿಗೆ ವಹಿಸಲಾಯಿತು, ಆಮೇಲೆ ಕಾರ್ಖಾನೆಗಳು ಬಂದವು. ನಾಲ್ಕು ದಶಕದಲ್ಲಿ ಸುಮಾರು 80 ಕೋಟಿ ಜನ ಗೆರೆ ದಾಟಿದರು. ಮೆಕ್ಸಿಕೋ 1997ರಲ್ಲಿ, ಬ್ರೆಜಿಲ್ 2003ರಲ್ಲಿ ಬೇರೆ ದಾರಿ ಹಿಡಿದವು: ಮಕ್ಕಳನ್ನು ಶಾಲೆಗೆ ಕಳಿಸಿ, ಆರೋಗ್ಯ ತಪಾಸಣೆ ಮಾಡಿಸಿದರೆ ಬಡ ಕುಟುಂಬಕ್ಕೆ ನೇರ ನಗದು.

ಕೈಗೆ 3 ಡಾಲರ್ 10 ಸೆಂಟ್ ಬಂದವರು ಬಡವರಲ್ಲವೇ? ಇಂಥ ಪ್ರಶ್ನೆ ಬಿಡದೆ ಕಾಡಿದ್ದರಿಂದ 2010ರಿಂದ ಇನ್ನೊಂದು ಸೂಚ್ಯಂಕವೂ ಬಳಕೆಯಲ್ಲಿದೆ. ಶೌಚಾಲಯ, ಅಡುಗೆಯ ಉರುವಲು, ಕುಡಿಯುವ ನೀರು, ಓದಿದ ವರ್ಷಗಳನ್ನು ಅದು ನೋಡುತ್ತದೆ.

2020ರಲ್ಲಿ ಕೋವಿಡ್ ಬಂದು, ದಶಕಗಳಿಂದ ಇಳಿಯುತ್ತಿದ್ದ ಸಂಖ್ಯೆ ಸುಮಾರು 7 ಕೋಟಿಯಷ್ಟು ಏರಿತು. ಕಡುಬಡವರಲ್ಲಿ ಹೆಚ್ಚಿನವರು ಈಗ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿದ್ದಾರೆ. ಅಲ್ಲಿನ ಹಲವು ದೇಶಗಳಲ್ಲಿ ಯುದ್ಧ ನಿಂತಿಲ್ಲ, ಸಾಲದ ಬಡ್ಡಿಯೇ ಖಜಾನೆ ಬರಿದು ಮಾಡುತ್ತಿದೆ. 2030ರೊಳಗೆ ಕಡುಬಡತನ ಕೊನೆಗಾಣಿಸುವ ಗುರಿ ಈ ವೇಗದಲ್ಲಿ ಮುಟ್ಟುವುದಿಲ್ಲ ಎಂದು ವಿಶ್ವಬ್ಯಾಂಕೇ ಹೇಳಿದೆ.