ನಾಯಿಗೆ ಬಿಸಿಲು ಕೊಡದ ವಿಟಮಿನ್

ನಾಯಿಮರಿಯ ಮುಂಗಾಲು ಸೊಟ್ಟಗಾಗುತ್ತಿದೆ ಅಂದರೆ ಸಾಕು, ಅಕ್ಕಪಕ್ಕದವರ ಸಲಹೆ ಒಂದೇ: 'ಬೆಳಿಗ್ಗೆ ಬಿಸಿಲಿಗೆ ಬಿಡಿ, ವಿಟಮಿನ್ ಡಿ ಸಿಗುತ್ತೆ.' ಮಗುವಿಗಾದರೆ ಒಳ್ಳೆಯ ಮಾತೇ. ನಾಯಿಗೆ ಇದು ನಡೆಯುವುದಿಲ್ಲ. ದಿನವಿಡೀ ಟೆರೇಸಿನಲ್ಲಿ ಬಿದ್ದುಕೊಂಡಿದ್ದರೂ ಅದರ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಾಗುವುದಿಲ್ಲ. ಬೇಕಾದದ್ದು ಊಟದಿಂದಲೇ ಬರಬೇಕು.

ನಾಯಿಯ ಊಟ ಅಂದ ಕೂಡಲೇ ನಾವು ಜಗಳ ಆಡುವುದು ಬೇರೆ ವಿಷಯಕ್ಕೆ. ಅನ್ನ ಹಾಕಬಹುದಾ, ಬಾರದಾ? ಹಾಕಬಹುದು. ಪಿಷ್ಟ ಜೀರ್ಣಿಸುವ ಒಂದು ಜೀನಿನ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಸಿಕ್ಕಿದ್ದವು. ಸ್ವೀಡನ್ನಿನ ತಂಡವೊಂದು 2013ರಲ್ಲೇ ಇದನ್ನು ತೋರಿಸಿತ್ತು. ಇನ್ನು ಮಾಂಸ ಹಾಕಿದರೆ ನಾಯಿ ಕಚ್ಚಲು ಶುರು ಮಾಡುತ್ತದೆ ಅನ್ನುವುದು ಸುಮ್ನೆ ನಂಬಿಕೆ. ಅದನ್ನು ನಂಬಿ ಮರಿಗೆ ಬರೀ ಮೊಸರನ್ನ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಊಟದ ಕ್ಯಾಲ್ಸಿಯಂ ಮೂಳೆ ಸೇರಲು ಬೇಕಾದ ಡಿ ವಿಷಯಕ್ಕೆ ಬರೋಣ. ನಮ್ಮ ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟೆರಾಲ್ ಎಂಬ ವಸ್ತು ಇರುತ್ತದೆ. ಬಿಸಿಲಿನ ಅಲ್ಟ್ರಾವಯೊಲೆಟ್ ಬಿ ಕಿರಣ ಬಿದ್ದಾಗ ಅದರ ಅಣುವಿನಲ್ಲಿರುವ ಒಂದು ಉಂಗುರ ಒಡೆಯುತ್ತದೆ. ಆಮೇಲೆ ಮೈಯ ಶಾಖಕ್ಕೆ ಅದು ವಿಟಮಿನ್ ಡಿ3 ಆಗುತ್ತದೆ. ನಾಯಿಯ ಚರ್ಮದಲ್ಲೂ ಈ ವಸ್ತು ಹುಟ್ಟುತ್ತದೆ. ಆದರೆ ಹುಟ್ಟಿದ ಕೂಡಲೇ ಒಂದು ಕಿಣ್ವ ಅದನ್ನು ಹಿಡಿದು ಸಾದಾ ಕೊಲೆಸ್ಟೆರಾಲ್ ಮಾಡಿಬಿಡುತ್ತದೆ. ಕಾಫಿಗೆಂದು ಇಟ್ಟ ಹಾಲಿಗೆ ಯಾರೋ ಮೊದಲೇ ಹೆಪ್ಪು ಹಾಕಿಬಿಟ್ಟ ಹಾಗೆ. ಒಲೆ ಎಷ್ಟು ಉರಿದರೇನು, ಹಾಲೇ ಇಲ್ಲ! ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ನಾಯಿ, ಬೆಕ್ಕು, ಇಲಿಗಳ ಚರ್ಮದ ಮೇಲೆ ಈ ಕಿರಣ ಹಾಯಿಸಿ ನೋಡಿದರು. ಇಲಿಯ ಚರ್ಮದಲ್ಲಿ ಡಿ3 ಹಲವು ಪಟ್ಟು ಏರಿತು. ನಾಯಿ, ಬೆಕ್ಕಿನದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಇದು 1994ರ ಮಾತು.

ಇದರಲ್ಲಿ ಇತಿಹಾಸದ ಒಂದು ತಮಾಷೆಯೂ ಇದೆ. ಎಳೆಯರ ಮೂಳೆ ಮೆತ್ತಗಾಗಿ ಸೊಟ್ಟಗಾಗುವ ರಿಕೆಟ್ಸ್ ರೋಗ ಊಟದ ಕೊರತೆಯಿಂದ ಬರುತ್ತದೆ ಅಂತ ತೋರಿಸಿದ್ದು ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿ, 1919ರಲ್ಲಿ. ಪ್ರಯೋಗ ಮಾಡಿದ್ದು ನಾಯಿಮರಿಗಳ ಮೇಲೆ, ಅದೂ ಮನೆಯೊಳಗೇ ಇಟ್ಟುಕೊಂಡು. ಓಟ್ಸ್, ಬ್ರೆಡ್ಡಿನಂಥ ಆಹಾರ ತಿಂದ ಮರಿಗಳ ಮೂಳೆ ಮೆತ್ತಗಾಯಿತು. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟರೆ ಹಾಗಾಗಲಿಲ್ಲ. ಅದೇ ವರ್ಷ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಮಕ್ಕಳ ರಿಕೆಟ್ಸನ್ನು ಬರೀ ಅಲ್ಟ್ರಾವಯೊಲೆಟ್ ದೀಪದಿಂದ ವಾಸಿ ಮಾಡಿದರು. ಒಬ್ಬರದು ಎಣ್ಣೆ, ಇನ್ನೊಬ್ಬರದು ಬೆಳಕು, ಇಬ್ಬರೂ ಸರಿ! ಮೆಲನ್ಬಿ ಮರಿಗಳಿಗೆ ಬಿಸಿಲು ತಪ್ಪಿಸಿದ್ದರಿಂದಲೇ ರೋಗ ಕಾಣಿಸಿತು ಅಂತ ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಅಂಗಳದಲ್ಲಿ ಬಿಟ್ಟಿದ್ದರೂ ಫಲ ಬಹುಶಃ ಅದೇ. ಅವರು ಆರಿಸಿಕೊಂಡ ಪ್ರಾಣಿಗೆ ಬಿಸಿಲಿನಿಂದ ಉಪಯೋಗವೇ ಇರಲಿಲ್ಲವಲ್ಲ.

ಬೇಟೆಯಾಡಿ ತಿನ್ನುವ ಪ್ರಾಣಿಗೆ ಇದು ಕೊರತೆಯೇ ಅಲ್ಲ. ಹಿಡಿದ ಪ್ರಾಣಿಯ ಲಿವರ್ ಮತ್ತು ಕೊಬ್ಬಿನಲ್ಲೇ ಡಿ ಸಿಗುತ್ತಿತ್ತು. ಮೂಳೆಯಿಂದ ಕ್ಯಾಲ್ಸಿಯಂ ಸಿಗುತ್ತಿತ್ತು. ಲಿವರ್ರೂ ಇಲ್ಲ, ಮೂಳೆಯೂ ಇಲ್ಲ, ಬರೀ ಬೋನ್‌ಲೆಸ್ ಚಿಕನ್ ಮತ್ತು ಅನ್ನ ಅಂದಾಗಲೇ ತೊಂದರೆ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ದೇಹ ಅದನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಹೊರಗಿಂದ ಮರಿ ದುಂಡುದುಂಡಗೇ ಕಾಣುತ್ತಿರುತ್ತದೆ.

ಹಾಗಾದರೆ ರಾಗಿ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದರಲ್ಲಿರುವ ಫೈಟಿಕ್ ಆಮ್ಲ ಕ್ಯಾಲ್ಸಿಯಂ, ಸತು ಎರಡನ್ನೂ ಕಟ್ಟಿಹಾಕುತ್ತದೆ. ಮೆಲನ್ಬಿಯ ಮರಿಗಳಿಗೆ ಓಟ್ಸ್ ಹೆಚ್ಚು ಕೆಡುಕು ಮಾಡಿದ್ದೂ ಇದೇ ಆಮ್ಲದಿಂದ ಅಂತ ಆಮೇಲೆ ಗೊತ್ತಾಯಿತು. ರಾಗಿ ನೆನೆಸಿ ಮೊಳಕೆ ಬರಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಮುದ್ದೆ ಹಾಕಿ, ಬೇಡ ಅನ್ನುವುದಿಲ್ಲ. ಅದೊಂದನ್ನೇ ನಂಬಬೇಡಿ. ಜೊತೆಗೆ ಬೇಯಿಸಿದ ಮೊಟ್ಟೆ, ಆಗಾಗ ಒಂದು ತುಂಡು ಲಿವರ್, ಕರಾವಳಿಯವರಾದರೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಇರಲಿ. ಮನೆಯಡುಗೆಯೇ ಪೂರ್ತಿ ಊಟವಾದರೆ ಕ್ಯಾಲ್ಸಿಯಂ ಎಷ್ಟು ಸೇರಿಸಬೇಕು ಅಂತ ಪಶುವೈದ್ಯರಿಂದ ಲೆಕ್ಕ ಹಾಕಿಸಿ. ಮರಿಗಳ ಪ್ಯಾಕೆಟ್ ಆಹಾರ ಹಾಕುತ್ತಿದ್ದರೆ ಮೇಲಿಂದ ಕ್ಯಾಲ್ಸಿಯಂ ಟಾನಿಕ್ ಬೇಡ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಎಳೆ ಮರಿಗೆ ಹೆಚ್ಚಾದದ್ದನ್ನು ಕರುಳಿನಲ್ಲೇ ತಡೆಯಲು ಬರುವುದಿಲ್ಲ. ಆಗ ಮೂಳೆ ಬೇರೆ ರೀತಿ ಕೆಡುತ್ತದೆ.

ಇಷ್ಟು ಓದಿ ಯಾರಾದರೂ ನಾವು ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯೂನಿಟ್‌ನ ಡಿ ಪುಡಿಯನ್ನು ನಾಯಿಗೂ ಕೊಟ್ಟಾರು ಅನ್ನುವುದೇ ನನ್ನ ಭಯ. ಅಮೆರಿಕದ ಮಾನದಂಡದಲ್ಲಿ ನೀರಿನಂಶ ತೆಗೆದ ಒಂದು ಕೆಜಿ ನಾಯಿ ಆಹಾರದಲ್ಲಿ ಡಿ ಕನಿಷ್ಠ 500, ಗರಿಷ್ಠ 3,000 ಯೂನಿಟ್. ಗರಿಷ್ಠದ ಲೆಕ್ಕ ಹಿಡಿದರೂ ಆ ಒಂದು ಪ್ಯಾಕೆಟ್ 20 ಕೆಜಿ ಆಹಾರಕ್ಕೆ ಸಮ. ಹೆಚ್ಚಾದ ಡಿ ಮೂತ್ರದಲ್ಲಿ ಹೋಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಹಾಳಾಗುತ್ತದೆ. ಇಲಿ ಪಾಷಾಣದಲ್ಲೂ ಇದೇ ಡಿ3 ಹಾಕುವುದುಂಟು. ಮೆಡಿಕಲ್ ಶಾಪಿನ ಒಮೆಗಾ-3 ಮೀನೆಣ್ಣೆ ಬೇರೆ, ಕಾಡ್ ಲಿವರ್ ಎಣ್ಣೆ ಬೇರೆ. ಡಿ ಹೇರಳವಾಗಿರುವುದು ಎರಡನೆಯದರಲ್ಲಿ. ಅದನ್ನೂ ಚಮಚದಲ್ಲಿ ಅಂದಾಜಿಗೆ ಸುರಿಯುವ ಹಾಗಿಲ್ಲ.